ಹಲವು ಕಾಮಿಕ್ಸ್, ಹಲವು ಕಾರ್ಯಕ್ರಮಗಳಲ್ಲಿ ಬರುವ ಪಾತ್ರವನ್ನು ಯಾವ ವರ್ಗಕ್ಕೆ ಸೇರಿಸಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಮಾನ್ಯರೇ,

ನಮ್ಮ ಬಡಾವಣೆಯ ಮಕ್ಕಳ ವಾಚನಾಲಯಕ್ಕೆ ಹಿರಿಯರೊಬ್ಬರು ತಮ್ಮ ಬಳಿಯಿದ್ದ ಕಾಮಿಕ್ಸ್ ಸಂಗ್ರಹವನ್ನೆಲ್ಲ ಕೊಡುಗೆಯಾಗಿ ಕೊಟ್ಟಿದ್ದಾರೆ. ಕನ್ನಡದ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಟಿಂಕಲ್, ಡಿಸ್ನಿಯ ಪುಸ್ತಕಗಳು, ಜೊತೆಗೆ ಕಾರ್ಟೂನ್ ಸರಣಿಗಳ ಒಂದಿಷ್ಟು ಡಿವಿಡಿಗಳೂ ಅದರಲ್ಲಿವೆ. ಇವುಗಳಿಗೆ ಪಾತ್ರವಾರು ಸೂಚಿಯೊಂದನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲಿದೆ. ಮಕ್ಕಳು ಪುಸ್ತಕದ ಹೆಸರನ್ನಾಗಲಿ ಲೇಖಕರ ಹೆಸರನ್ನಾಗಲಿ ಹೇಳಿ ಕೇಳುವುದಿಲ್ಲ; "ಪೊಪೈ ಇರುವುದು ಕೊಡಿ", "ಡೊನಾಲ್ಡ್ ಡಕ್‌ದು ಇದೆಯಾ" ಎಂದೇ ಕೇಳುತ್ತಾರೆ.

ತೊಡಕು ಶುರುವಾಗಿದ್ದು ಡೊನಾಲ್ಡ್ ಮನೆತನದಿಂದಲೇ. ಡೊನಾಲ್ಡ್ 1934ರಲ್ಲಿ ಪರದೆಯ ಮೇಲೆ ಹುಟ್ಟಿದವನು. ಅವನ ಮೂವರು ಸೋದರಳಿಯಂದಿರು 1937ರಲ್ಲಿ ಪತ್ರಿಕೆಯ ಕಾಮಿಕ್ ಸ್ಟ್ರಿಪ್‌ನಲ್ಲಿ ಮೊದಲು ಕಾಣಿಸಿಕೊಂಡು, ಮರುವರ್ಷ ಪರದೆಗೆ ಬಂದರು. ಅಂಕಲ್ ಸ್ಕ್ರೂಜ್ 1947ರಲ್ಲಿ ಕಾರ್ಲ್ ಬಾರ್ಕ್ಸ್ ಬರೆದ ಕಾಮಿಕ್ಸ್ ಪುಸ್ತಕವೊಂದರಲ್ಲಿ ಹುಟ್ಟಿ, 1987ರ ಡಕ್‌ಟೇಲ್ಸ್ ಧಾರಾವಾಹಿಯ ನಾಯಕನಾದರು. ಹುಟ್ಟಿದ ಮಾಧ್ಯಮದ ಪ್ರಕಾರ ವಿಂಗಡಿಸಿದರೆ ಒಂದೇ ಕುಟುಂಬ ಮೂರು ಕಡೆ ಚದುರುತ್ತದೆ; ಹೆಸರು ತಂದುಕೊಟ್ಟ ಕಾರ್ಯಕ್ರಮದ ಪ್ರಕಾರ ವಿಂಗಡಿಸೋಣವೆಂದರೆ ಅದನ್ನು ತೀರ್ಮಾನಿಸುವವರು ಯಾರು? ಸದ್ಯಕ್ಕೆ ನಾಯಕ, ಪೋಷಕ, ಅತಿಥಿ ಎಂಬ ಮೂರು ವರ್ಗಗಳನ್ನು ಮಾಡಿಕೊಂಡಿದ್ದೇನೆ. ಆದರೆ ಪೊಪೈ ವಿಷಯಕ್ಕೆ ಬಂದೊಡನೆ ಆ ವಿಂಗಡಣೆ ಕೈಕೊಡುತ್ತದೆ. ಎಲ್ಸಿ ಸೀಗರ್ ಅವರ ಥಿಂಬಲ್ ಥಿಯೇಟರ್ ಎಂಬ ಸ್ಟ್ರಿಪ್ 1919ರಿಂದ ನಡೆಯುತ್ತಿತ್ತು, ಆಲಿವ್ ಆಯ್ಲ್ ಮೊದಲಿನಿಂದಲೂ ಅದರಲ್ಲಿದ್ದಳು; ಪೊಪೈ 1929ರ ಜನವರಿಯಲ್ಲಿ ಒಂದು ಹಡಗು ಪ್ರಯಾಣಕ್ಕೆಂದು ಗೊತ್ತುಮಾಡಿಕೊಂಡ ನಾವಿಕನಾಗಿ ಬಂದು ಅಲ್ಲಿಯೇ ಬೇರೂರಿದ. ಅವನನ್ನು ಯಾವ ವರ್ಗಕ್ಕೆ ಬರೆಯಲಿ? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1 (ಮಂಡ್ಯ, ಗ್ರಂಥಾಲಯ ವಿಜ್ಞಾನದ ಅಧ್ಯಾಪಕ)

ನಮಸ್ಕಾರ. ನೀವು ಮಾಡಿಕೊಂಡಿರುವ ಮೂರು ವರ್ಗಗಳು ಉಪಯುಕ್ತವೇ, ಆದರೆ ಅವು ಪಾತ್ರಕ್ಕೆ ಅಂಟಿಸುವ ಹಣೆಪಟ್ಟಿಗಳಲ್ಲ. ನಾಯಕ, ಪೋಷಕ, ಅತಿಥಿ ಎಂಬುವು ಒಂದು ಪಾತ್ರಕ್ಕೂ ಒಂದು ಕೃತಿಗೂ ಇರುವ ಸಂಬಂಧವನ್ನು ಹೇಳುತ್ತವೆ. ಬ್ಯಾಟ್‌ಮ್ಯಾನ್ ತನ್ನ ಪುಸ್ತಕದಲ್ಲಿ ನಾಯಕ; 1972ರಲ್ಲಿ ಸ್ಕೂಬಿ ಡೂ ಸರಣಿಗೆ ರಾಬಿನ್ ಜೊತೆ ಬಂದಾಗ ಅತಿಥಿ. ಆತ ಬದಲಾಗಲಿಲ್ಲ, ಹೋದ ಮನೆ ಬದಲಾಯಿತು. ಪೊಪೈಯನ್ನು ಯಾವ ವರ್ಗಕ್ಕೆ ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದಕ್ಕೆ ಇದೇ ಕಾರಣ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಇಂತಹ ಇಕ್ಕಟ್ಟಿಗೆ ದಾರಿ ತೋರಿಸುತ್ತದೆ. ಒಂದು ವಿಷಯವನ್ನು ಒಂದೇ ಗೂಡಿಗೆ ತುರುಕುವ ಬದಲು ಅದರ ಬೇರೆ ಬೇರೆ ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಆಮೇಲೆ ಜೋಡಿಸಬೇಕೆಂಬುದು ಅವರ ವಿಧಾನದ ಜೀವಾಳ. ಕಪಾಟಿನಲ್ಲಿ ಪುಸ್ತಕ ಒಂದೇ ಜಾಗದಲ್ಲಿ ಕೂರಬೇಕಾದ್ದು ಅನಿವಾರ್ಯ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಾದರೆ ಕಾಮಿಕ್ಸ್‌ಗೆಲ್ಲ 741.5 ಎಂಬ ಸಂಖ್ಯೆ ಇದೆ, ಅದನ್ನೇ ಹಾಕಿ. ಪಾತ್ರಗಳ ಸೂಚಿಗೆ ಆ ಕಟ್ಟುಪಾಡು ಇಲ್ಲ.

ಪ್ರತಿ ಪಾತ್ರಕ್ಕೂ ಒಂದೇ ಕಾರ್ಡ್ ಇರಲಿ. ಹಾರ್ಲಿ ಕ್ವಿನ್‌ಳನ್ನು ತೆಗೆದುಕೊಳ್ಳಿ. ಕಾರ್ಡಿನ ತಲೆಯಲ್ಲಿ ಅವಳ ಹೆಸರು. ಅದರ ಕೆಳಗೆ "ಮೊದಲು ಕಂಡದ್ದು: ಬ್ಯಾಟ್‌ಮ್ಯಾನ್ ಅನಿಮೇಟೆಡ್ ಸರಣಿ, ಟಿವಿ, 1992". ನಂತರದ ಸಾಲುಗಳಲ್ಲಿ ನಿಮ್ಮ ವಾಚನಾಲಯದಲ್ಲಿ ಅವಳಿರುವ ಒಂದೊಂದು ಕೃತಿಯ ಹೆಸರು, ಅದರ ಮಾಧ್ಯಮ, ಅದರಲ್ಲಿ ಅವಳ ಸ್ಥಾನ ಏನು ಎಂಬುದು. ಅವಳನ್ನು ಕಾಮಿಕ್ಸ್‌ನಿಂದ ಟಿವಿಗೆ ಬಂದವಳೆಂದೇ ಬಹಳ ಜನ ತಿಳಿದಿದ್ದಾರೆ. ಆದದ್ದು ಅದರ ತಿರುಗುಮುರುಗು, ಕಾಮಿಕ್ಸ್‌ಗೆ ಅವಳು ಬಂದಿದ್ದು 1993ರಲ್ಲಿ. ಮೊದಲು ಕಂಡ ಕೃತಿಯನ್ನು ತಪ್ಪದೆ ಬರೆಯಿರಿ ಎನ್ನುವುದು ಇದಕ್ಕಾಗಿಯೇ. ಒಡೆತನದ ಸಂಸ್ಥೆಯನ್ನು ಮಾತ್ರ ವರ್ಗವಾಗಿ ಮಾಡಿಕೊಳ್ಳಬೇಡಿ. ಸಂಸ್ಥೆಗಳು ಕೈ ಬದಲಾಗುತ್ತವೆ, ಆಗ ಸೂಚಿಯನ್ನೆಲ್ಲ ತಿದ್ದುತ್ತಾ ಕೂರಬೇಕಾಗುತ್ತದೆ.

ಉತ್ತರ 2 (ಅಗ್ರಹಾರ, ಮೈಸೂರು)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಪಾತ್ರಕ್ಕೆ ಒಂದೇ ಕಾರ್ಡ್ ಎನ್ನುವ ಮೊದಲು ಪಾತ್ರ ಒಂದೇ ಹೌದೇ ಎಂಬುದನ್ನು ನೋಡಬೇಕಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಕೆಲಸದ ಕಷ್ಟವೆಲ್ಲ ಇರುವುದು ಅಲ್ಲಿಯೇ.

ನಿಮ್ಮ ಇಂದ್ರಜಾಲ ಪುಸ್ತಕಗಳನ್ನೇ ತೆರೆದು ನೋಡಿ. 1964ರಿಂದ 1990ರವರೆಗೆ ಬಂದ ಆ ಮಾಲೆಯ ಮೊದಲ ನಾಯಕ ಫ್ಯಾಂಟಮ್, ಲೀ ಫಾಕ್ ಅವರು 1936ರಲ್ಲಿ ಸೃಷ್ಟಿಸಿದ ಪಾತ್ರ. ಅದು ತಂದೆಯಿಂದ ಮಗನಿಗೆ ಇಳಿದು ಬರುವ ಪಟ್ಟ; ಸ್ಟ್ರಿಪ್‌ನ ಮುಖ್ಯ ಕಥೆಗಳಲ್ಲಿ ನಾವು ಓದುವುದು ಇಪ್ಪತ್ತೊಂದನೆಯ ಫ್ಯಾಂಟಮ್‌ನನ್ನು. 1986ರ ಡಿಫೆಂಡರ್ಸ್ ಆಫ್ ದಿ ಅರ್ಥ್ ಕಾರ್ಟೂನ್‌ನಲ್ಲಿ ಮ್ಯಾಂಡ್ರೇಕ್ ಮತ್ತು ಫ್ಲ್ಯಾಶ್ ಗಾರ್ಡನ್ ಜೊತೆ ಹೋರಾಡುವವನು ಇಪ್ಪತ್ತೇಳನೆಯವನು. 1994ರ ಫ್ಯಾಂಟಮ್ 2040 ಸರಣಿಯವನು ಇಪ್ಪತ್ತನಾಲ್ಕನೆಯವನು. ವೇಷ ಒಂದೇ, ಬಿರುದು ಒಂದೇ, ಕಪಾಲದ ಉಂಗುರ ಒಂದೇ, ಮನುಷ್ಯರು ಮಾತ್ರ ಬೇರೆ. ಇಂಥಲ್ಲಿ "ಫ್ಯಾಂಟಮ್" ಎಂಬ ತಲೆಕಾರ್ಡ್ ಒಂದನ್ನಿಟ್ಟು, ಅದರಡಿ ತಲೆಮಾರಿನ ಸಂಖ್ಯೆ ನಮೂದಿಸಿದ ಉಪಕಾರ್ಡ್‌ಗಳನ್ನು ಮಾಡುವುದು ಸೂಕ್ತ.

ಇದಕ್ಕೆ ವಿರುದ್ಧವಾದ ಸಂಗತಿ ಜಪಾನಿನ ಒಸಾಮು ತೆಜುಕಾ ಅವರದು. ಅವರು ತಮ್ಮ ಪಾತ್ರಗಳನ್ನು ನಾಟಕ ಕಂಪನಿಯ ನಟರಂತೆ ಬಳಸಿಕೊಂಡವರು. ಆಸ್ಟ್ರೋ ಬಾಯ್ ಕಥೆಯಲ್ಲಿ ಮೇಷ್ಟ್ರಾಗಿರುವ ಹಿಗೆಒಯಾಜಿ ಎಂಬ ಮೀಸೆಯ ಮುದುಕ ಬೇರೆ ಕಥೆಯಲ್ಲಿ ಪತ್ತೇದಾರನಾಗಿ ಬರುತ್ತಾನೆ. ಮುಖಚರ್ಯೆ ಅದೇ, ಕಥೆಗೂ ಕಥೆಗೂ ನಂಟಿಲ್ಲ. ಅಲ್ಲಿ "ಅತಿಥಿ" ಎಂದು ಬರೆದರೆ ತಪ್ಪಾಗುತ್ತದೆ. ಆತ ತನ್ನ ಕಥೆಯಿಂದ ಇನ್ನೊಂದು ಕಥೆಗೆ ಬಂದವನಲ್ಲ, ಹೊಸ ಪಾತ್ರ ವಹಿಸಿದವನು. "ವೇಷ" ಎಂಬ ನಾಲ್ಕನೆಯ ಸಂಬಂಧವನ್ನು ಸೇರಿಸಿಕೊಳ್ಳಬಹುದು.

ಇನ್ನೊಂದು ಮಾತು: ಕಥೆಯೇ ಇಲ್ಲದ ಕಡೆ ಕಾಣಿಸಿಕೊಂಡದ್ದನ್ನು ಸೂಚಿಗೆ ಸೇರಿಸುವುದು ಬೇಡ. ನಮ್ಮ ಊರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ 1988ರ ಅಂಚೆಚೀಟಿಯ ಮೇಲಿದ್ದಾನೆ, ಪುಣೆಯಲ್ಲಿ ಪ್ರತಿಮೆಯಾಗಿಯೂ ನಿಂತಿದ್ದಾನೆ. ಇದು ನಮಗೆ ಅಭಿಮಾನದ ವಿಷಯ, ಆದರೂ ಅವು ಪಾತ್ರಕ್ಕೆ ಸಂದ ಗೌರವವೇ ಹೊರತು ಪಾತ್ರದ ಹೊಸ ಕಥೆಯಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪಾತ್ರಕ್ಕೊಂದು ಕಾರ್ಡ್ ಎಂಬ ಸಲಹೆಯಂತೆ ಬಾತುಕೋಳಿಗಳಿಂದಲೇ ಆರಂಭಿಸಿದ್ದೇನೆ. ಆದರೆ ಛೋಟಾ ಭೀಮ್ ಬಂದೊಡನೆ ಮತ್ತೆ ಕೈಕಟ್ಟಿತು. ಅಮರ ಚಿತ್ರ ಕಥೆಯ ಭೀಮನೂ ನಮ್ಮಲ್ಲಿದ್ದಾನೆ. ಇಬ್ಬರಿಗೂ ಒಂದೇ ಕಾರ್ಡ್ ಸಾಕೇ?

ಉತ್ತರ 3 (ಶ್ರೀರಂಗಪಟ್ಟಣ, ಪ್ರಾಥಮಿಕ ಶಾಲಾ ಶಿಕ್ಷಕಿ)

ಸಾಲದು ಸರ್, ಎರಡು ಬೇಕೇ ಬೇಕು. ಅಮರ ಚಿತ್ರ ಕಥೆಯಲ್ಲಿರುವವನು ಮಹಾಭಾರತದ ಭೀಮನೇ, ವ್ಯಾಸರ ಕಥೆಯನ್ನು ಚಿತ್ರದಲ್ಲಿ ಹೇಳಿದ್ದಾರೆ ಅಷ್ಟೆ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ಪೋಗೋ ವಾಹಿನಿಗೆ ಮಾಡಿದ ಛೋಟಾ ಭೀಮ್ ಢೋಲಕ್‌ಪುರದ ಹುಡುಗ. ಬಲವೂ ಹಸಿವೂ ಭೀಮನಿಂದ ಬಂದಿವೆ, ಪಾಂಡವರು ಬಂದಿಲ್ಲ. ಎರಡು ಕಾರ್ಡ್ ಬರೆದು ನಡುವೆ "ಪ್ರೇರಣೆ" ಎಂಬ ಸಂಬಂಧವನ್ನು ಗುರುತಿಸಿ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಮೈಟಿ ಲಿಟಲ್ ಭೀಮ್‌ನಲ್ಲಿ ಇರುವುದು ಅದೇ ಹುಡುಗನ ಕೂಸುರೂಪ, ಆದ್ದರಿಂದ ಅದು ಛೋಟಾ ಭೀಮ್ ಕಾರ್ಡಿನಲ್ಲೇ ಇನ್ನೊಂದು ಸಾಲಾಗಬಹುದು.

ಮಂಡ್ಯದ ಮೇಷ್ಟ್ರ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಮೊದಲು ಕಂಡ ಕೃತಿಯನ್ನು ಹೆಸರಿನ ಕೆಳಗೇ ಬರೆದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಮೋಟು ಪತ್ಲು ಹಿಂದಿಯ ಲೋಟ್‌ಪೋಟ್ ಪತ್ರಿಕೆಯಲ್ಲಿ ಹುಟ್ಟಿದ ಜೋಡಿ ಎಂಬುದು ನಮಗೆ ಮುಖ್ಯ. ನನ್ನ ತರಗತಿಯ ಮಕ್ಕಳಿಗೆ ಅವರು 2012ರಿಂದ ಟಿವಿಯಲ್ಲಿ ಬರುತ್ತಿರುವವರು. ಮಕ್ಕಳ ಕೈಗೆ ಹೋಗುವ ಸೂಚಿಯಲ್ಲಿ ಅವರು ಬಲ್ಲ ಕಾರ್ಯಕ್ರಮ ಮೊದಲು ಬರಲಿ, ಹುಟ್ಟಿನ ವಿವರ ಕಾರ್ಡಿನ ಹಿಂಬದಿಯಲ್ಲಿರಲಿ. ಅತಿಥಿಗಳ ವಿವರವನ್ನು ಮಾತ್ರ ಎದುರಿಗೇ ಬರೆಯಿರಿ, ಮಕ್ಕಳಿಗೆ ಅದು ಬಲು ಇಷ್ಟ. ಪರ್‌ಮ್ಯಾನ್ ಸರಣಿಯ ಸುಮಿರೆ ಡೋರೆಮಾನ್ ಕಥೆಗಳಲ್ಲೂ ದೊಡ್ಡವಳಾಗಿ, ಸಿನಿಮಾ ತಾರೆಯಾಗಿ ಬರುತ್ತಾಳೆ, ಎರಡನ್ನೂ ಬರೆದವರು ಫುಜಿಕೊ ಎಫ್. ಫುಜಿಯೊ ಅವರೇ ಎಂದು ತರಗತಿಯಲ್ಲಿ ಹೇಳಿದ ದಿನ, ಡೋರೆಮಾನ್ ಬಿಟ್ಟು ಬೇರೇನೂ ಮುಟ್ಟದ ಹುಡುಗನೊಬ್ಬ ಪರ್‌ಮ್ಯಾನ್ ಬೇಕೆಂದು ಕೇಳಿದ. ಸುಮಿರೆಗೆ ಒಂದು ಕಾರ್ಡ್ ಮಾಡಿ, ಡೋರೆಮಾನ್ ಕಾರ್ಡಿನ ಕೊನೆಯಲ್ಲಿ "ಸುಮಿರೆ ನೋಡಿ" ಎಂದು ಸೇರಿಸಿ.