ಎಫ್‌ಟಿಪಿ ಸ್ಕ್ರಿಪ್ಟ್: ಎಮ್‌ಗೆಟ್ ಅರ್ಧಕ್ಕೇ ನಿಲ್ಲುತ್ತೆ, ಇಳಿದ ಜಿಪ್ ತೆರೆಯಲ್ಲ

ರಾತ್ರಿಪಾಳಿ:
ಲಿನಕ್ಸ್ ಸರ್ವರ್‌ನಿಂದ ದಿನಾ ರಾತ್ರಿ 2ಕ್ಕೆ ಜಿಪ್ ಫೈಲುಗಳು ತಾವಾಗೇ ಇಳೀಬೇಕು. ವಿಂಡೋಸ್ ಜೊತೆಗೇ ಬರುವ ಎಫ್‌ಟಿಪಿ (ಫೈಲ್ ಸಾಗಿಸುವ ವಿಧಾನ) ಕ್ಲೈಂಟ್‌ಗೆ -ಐ (ಒಪ್ಪಿಗೆ ಕೇಳಬೇಡ) ಮತ್ತು -ಎಸ್ (ಸ್ಕ್ರಿಪ್ಟ್ ಫೈಲ್ ಓದು) ಕೊಟ್ಟು, ಹೊತ್ತಿಗೆ ಸರಿಯಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದ್ದೇನೆ. ಸ್ಕ್ರಿಪ್ಟ್‌ನಲ್ಲಿ ಕ್ರಮವಾಗಿ: ಓಪನ್, ಯೂಸರ್, ಪಾಸ್‌ವರ್ಡ್, ಸಿಡಿ, ಪ್ರಾಂಪ್ಟ್, ಎಮ್‌ಗೆಟ್ *.ಜಿಪ್ (ಎಲ್ಲ ಜಿಪ್ ಒಟ್ಟಿಗೆ ಇಳಿಸಲು), ಬೈ. ಆದರೂ ಪ್ರತಿ ಫೈಲಿಗೂ ಒಪ್ಪಿಗೆ ಕೇಳುತ್ತೆ. ಇಳಿದ ಜಿಪ್ ಕೆಟ್ಟಿರುತ್ತೆ. ಇನ್ನೊಂದು ಸರ್ವರ್‌ನಲ್ಲಿ ಲಾಗಿನ್ ಆಗುತ್ತೆ, ಆದರೆ ಎಮ್‌ಗೆಟ್ ಕೊಟ್ಟ ಕೂಡಲೇ ಸ್ತಬ್ಧ. ಫೈಲ್‌ಜಿಲ್ಲಾ ಎಂಬ ಇನ್ನೊಂದು ಕ್ಲೈಂಟ್‌ನಲ್ಲಿ ಅದೇ ಸರ್ವರ್ ಸಲೀಸು.

ಕಪ್ಪುಪರದೆ:
ಪ್ರಾಂಪ್ಟ್ ಎಂಬುದು ಒಪ್ಪಿಗೆ ಕೇಳುವುದಕ್ಕೆ ಆನ್-ಆಫ್ ಗುಂಡಿ ಇದ್ದ ಹಾಗೆ. -ಐ ಆಗಲೇ ಆಫ್ ಮಾಡಿತ್ತು, ನಿಮ್ಮ ಸಾಲು ಮತ್ತೆ ಆನ್ ಮಾಡಿತು. ಎರಡರಲ್ಲಿ ಒಂದು ಸಾಕು, ಆ ಸಾಲು ಅಳಿಸಿ.

ಜಿಪ್ ಕೆಡಲು ಕಾರಣ ಆಸ್ಕಿ ಮೋಡ್ (ಬರೀ ಪಠ್ಯ ಫೈಲಿಗೆ ಹೊಂದುವಂಥದ್ದು), ಈ ಕ್ಲೈಂಟ್‌ಗೆ ಅದೇ ಡೀಫಾಲ್ಟ್. ಸಾಲಿನ ಕೊನೆ ಎಂದುಕೊಂಡು ಪ್ರತಿ ಎಲ್‌ಎಫ್ (ಲಿನಕ್ಸ್‌ನ ಸಾಲಿನ ಕೊನೆಯ ಗುರುತು) ಬೈಟ್‌ಗೆ ಮೊದಲು ಒಂದು ಸಿಆರ್ (ವಿಂಡೋಸ್ ಬಯಸುವ ಹೆಚ್ಚುವರಿ ಗುರುತು) ಸೇರಿಸಿಬಿಡುತ್ತೆ. ಗಾತ್ರ ಹೋಲಿಸಿ ನೋಡಿ, ನಿಮ್ಮ ಕಡೆಯ ಫೈಲ್ ತುಸು ದೊಡ್ಡದಿರುತ್ತೆ. ಎಮ್‌ಗೆಟ್‌ಗೆ ಮುಂಚೆ ಬೈನರಿ ಅಂತ ಒಂದು ಸಾಲು ಹಾಕಿ. ಎಲ್‌ಸಿಡಿ (ನಿಮ್ಮ ಕಡೆಯ ಫೋಲ್ಡರ್ ಹೇಳುವ ಕಮಾಂಡ್) ಕೊಟ್ಟು ಫೋಲ್ಡರ್‌ನ ಪೂರ್ತಿ ಪಾತ್ ಬರೆಯಿರಿ, ಇಲ್ಲದಿದ್ದರೆ ಶೆಡ್ಯೂಲರ್ ಓಡಿಸಿದಾಗ ಫೈಲುಗಳು ಎಲ್ಲೋ ಹೋಗಿ ಬೀಳುತ್ತವೆ.

ಪೋರ್ಟ್21:
ಸ್ತಬ್ಧ ಆಗೋದು ಆಕ್ಟಿವ್ ಮೋಡ್‌ನಿಂದ. ಲಾಗಿನ್ ಪೋರ್ಟ್ 21ರಲ್ಲಿ ನಡೆಯುತ್ತೆ, ಅದನ್ನು ಯಾರೂ ತಡೆಯಲ್ಲ. ಡೇಟಾಗೆ ಮಾತ್ರ ಸರ್ವರ್ ತಾನೇ ನಿಮ್ಮ ಕಂಪ್ಯೂಟರ್‌ಗೆ ಕನೆಕ್ಟ್ ಆಗಲು ಬರುತ್ತೆ, ನಿಮ್ಮ ಫೈರ್‌ವಾಲ್ ಬಾಗಿಲಲ್ಲೇ ತಡೆಯುತ್ತೆ. ಲಾಗ್‌ನಲ್ಲಿ 425 (ಡೇಟಾ ಕನೆಕ್ಷನ್ ತೆರೆಯಲಾಗಲಿಲ್ಲ) ಕಂಡರೂ ಸಾಮಾನ್ಯವಾಗಿ ಇದೇ ಕಥೆ. ಫೈಲ್‌ಜಿಲ್ಲಾ ಪ್ಯಾಸಿವ್ ಮೋಡ್ ಬಳಸುತ್ತೆ, ಅಂದರೆ ಡೇಟಾಗೂ ಕ್ಲೈಂಟೇ ಸರ್ವರ್‌ಗೆ ಕನೆಕ್ಟ್ ಆಗುತ್ತೆ, ಅದಕ್ಕೇ ಸಲೀಸು. ವಿಂಡೋಸ್ ಕ್ಲೈಂಟ್‌ನಲ್ಲಿ ಪ್ಯಾಸಿವ್ ಇಲ್ಲವೇ ಇಲ್ಲ. ‘ಕೋಟ್ ಪಾಸ್ವ್’ ಕೊಡಿ ಅನ್ನೋ ಸಲಹೆ ಎಲ್ಲೆಡೆ ಸಿಗುತ್ತೆ, ಕೆಲಸಕ್ಕೆ ಬಾರದ್ದು: ಅದು ಸರ್ವರ್‌ಗೆ ಮಾತ್ರ ಹೇಳುತ್ತೆ, ಕ್ಲೈಂಟ್ ತನ್ನ ಹಳೇ ದಾರಿ ಬಿಡಲ್ಲ.

ಪ್ಯಾಸಿವ್ ಇರುವ ಇನ್ನೊಂದು ಕ್ಲೈಂಟ್ ವಿನ್‌ಎಸ್‌ಸಿಪಿಯ ಕಮಾಂಡ್‌ಲೈನ್‌ಗೆ ಹೋಗಿ. ‘ಆಪ್ಷನ್ ಬ್ಯಾಚ್ ಅಬಾರ್ಟ್’ ಹಾಕಿದರೆ ತಪ್ಪಾದ ಕಡೆ ನಿಂತು ಎಕ್ಸಿಟ್ ಕೋಡ್ (ಮುಗಿಯುವಾಗ ಫಲಿತಾಂಶ ಹೇಳುವ ಅಂಕಿ) 1 ಕೊಡುತ್ತೆ, ಸರಿಯಾದರೆ 0. ಹಳೇ ಕ್ಲೈಂಟ್‌ನ ಎಕ್ಸಿಟ್ ಕೋಡ್ ನಂಬುವ ಹಾಗಿಲ್ಲ, ಏನೂ ಇಳಿಯದಿದ್ದರೂ ಶೆಡ್ಯೂಲರ್‌ನಲ್ಲಿ ‘ಯಶಸ್ವಿ’ ಅಂತಲೇ ಇರುತ್ತೆ. ಪಾಸ್‌ವರ್ಡನ್ನು ಯುಆರ್‌ಎಲ್ ಒಳಗೆ ಬರೆಯೋದಾದರೆ ಪಾಸ್‌ವರ್ಡ್‌ನಲ್ಲಿರುವ @ ಬದಲು %40 ಹಾಕಿ.

ರಾತ್ರಿಪಾಳಿ:
ಮೊದಲೆರಡೂ ಸರಿಹೋದವು. ಇಳಿಸಿದ್ದನ್ನು ಸರ್ವರ್‌ನಿಂದ ಅಳಿಸಲು ಕೊನೆಗೆ ಎಮ್‌ಡಿಲೀಟ್ *.ಜಿಪ್ (ಎಲ್ಲ ಜಿಪ್ ಅಳಿಸುವ ಕಮಾಂಡ್) ಹಾಕಬಹುದಾ?

ಕಪ್ಪುಪರದೆ:
ಖಂಡಿತ ಬೇಡ. ಎಮ್‌ಗೆಟ್ ಮುಗಿದ ಮೇಲೆ ಹೊಸ ಫೈಲ್ ಬಂದರೆ ಇಳಿಯದೆಯೇ ಅಳಿಸಿಹೋಗುತ್ತೆ. ವಿನ್‌ಎಸ್‌ಸಿಪಿಯಲ್ಲಿ ಗೆಟ್‌ಗೆ -ಡಿಲೀಟ್ ಕೊಡಿ, ಪೂರ್ತಿ ಇಳಿದ ಫೈಲನ್ನಷ್ಟೇ ತೆಗೆಯುತ್ತೆ. ಆದರೆ ಅಪ್‌ಲೋಡ್ ನಡೀತಿರುವ ಫೈಲೂ ಅದಕ್ಕೆ ಪೂರ್ತಿಯಂತೆಯೇ ಕಾಣುತ್ತೆ. ಕಳಿಸುವವರು ಮೊದಲು .ಟಿಎಂಪಿ ಹೆಸರಲ್ಲಿ ಏರಿಸಿ, ಮುಗಿದ ಮೇಲೆ .ಜಿಪ್ ಅಂತ ರೀನೇಮ್ ಮಾಡಲಿ.

ಪೋರ್ಟ್21:
ಬರೀ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತೆ. ಸರ್ವರ್‌ನವರು ಪೋರ್ಟ್ 22ರಲ್ಲಿ ಎಸ್‌ಎಫ್‌ಟಿಪಿ (ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ವಿಧಾನ) ಕೊಟ್ಟರೆ ಅದಕ್ಕೇ ಬದಲಾಯಿಸಿ. ವಿನ್‌ಎಸ್‌ಸಿಪಿ ಸ್ಕ್ರಿಪ್ಟ್‌ನಲ್ಲಿ ಓಪನ್ ಸಾಲು ಬದಲಿಸಿ ಹೋಸ್ಟ್ ಕೀ (ಸರ್ವರ್‌ನ ಗುರುತು) ಸೇರಿಸಿದರಾಯಿತು, ಆಕ್ಟಿವ್-ಪ್ಯಾಸಿವ್ ರಗಳೆಯೂ ಇರಲ್ಲ.