ಸಹಾಯ ಬೇಕು: ಮೊನೊಪೋಲ್‌ಗೆ ತಟ್ಟೆ, ಡಬ್ಲ್ಯೂ ಬೋಸಾನ್‌ಗೆ ಕೊಳವೆ ಯಾಕೆ?

ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಮುಂದಿನ ವಾರ ನನ್ನ ಸೆಮಿನಾರ್ ಇದೆ, ಸ್ಟ್ರಿಂಗ್ ಥಿಯರಿಯ ಒಂದು ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

1994ರಲ್ಲಿ ಭೌತವಿಜ್ಞಾನಿಗಳಾದ ಸೈಬರ್ಗ್ ಮತ್ತು ವಿಟನ್, ಎನ್=2 ಸೂಪರ್‌ಸಿಮೆಟ್ರಿ (ಬೋಸಾನ್, ಫರ್ಮಿಯಾನ್ ಕಣಗಳನ್ನು ಜೋಡಿಸುವ ಸಮಮಿತಿ) ಇರುವ ಎಸ್‌ಯು(2) ಗೇಜ್ ಥಿಯರಿ (ಕಣಗಳ ನಡುವಿನ ಬಲವನ್ನು ವಿವರಿಸುವ ಸಿದ್ಧಾಂತ) ಕಡಿಮೆ ಶಕ್ತಿಯಲ್ಲಿ ಹೇಗಿರುತ್ತದೆ ಎಂದು ನಿಖರವಾಗಿ ಬಿಡಿಸಿದರು. ಅಲ್ಲಿವರೆಗೆ ಅರ್ಥವಾಗಿದೆ. ಅವರ ಉತ್ತರ ಇರುವುದು ಸೈಬರ್ಗ್-ವಿಟನ್ ಕರ್ವ್ ಎಂಬ ಮೇಲ್ಮೈಯಲ್ಲಿ. ಅದರ ನಾಲ್ಕು ಬ್ರಾಂಚ್ ಪಾಯಿಂಟ್ (ಮೇಲ್ಮೈಯ ಎರಡು ಪದರ ಕೂಡುವ ಬಿಂದು) ಗುರುತು ಹಾಕಿ, ಎರಡನ್ನು ಹತ್ತಿರ ಹತ್ತಿರ ತಂದು ಐದಾರು ಚಿತ್ರ ಬರೆದೆ. ಎರಡನ್ನೂ ಸುತ್ತುವ ಕುಣಿಕೆ ಕುಗ್ಗಿ ಕುಗ್ಗಿ ಚುಕ್ಕಿಯಾಗುತ್ತದೆ. ಮೊನೊಪೋಲ್‌ನ (ಒಂದೇ ಕಾಂತಧ್ರುವ ಇರುವ ಕಣ) ದ್ರವ್ಯರಾಶಿ ಸೊನ್ನೆಯಾಗುವುದು ಅಲ್ಲೇ. ಎಷ್ಟು ಚೆಂದ ಅಲ್ವಾ!

ತೊಡಕು ಇರುವುದು ವಿಟನ್ 1997ರಲ್ಲಿ ಕೊಟ್ಟ ಬ್ರೇನ್ (ಸ್ಟ್ರಿಂಗ್ ಥಿಯರಿಯಲ್ಲಿ ಬರುವ ಪೊರೆಯಂಥ ವಸ್ತು; ಹೆಸರಿನ ಅಂಕಿ ಅದರ ಆಯಾಮ) ಚಿತ್ರದಲ್ಲಿ. ಎರಡು ಎನ್‌ಎಸ್5 ಬ್ರೇನ್, ಅವುಗಳ ನಡುವೆ ಎಳೆದು ಕಟ್ಟಿದ ಹಾಗೆ ಎರಡು ಡಿ4. ಎಂ-ಥಿಯರಿಗೆ (ಸ್ಟ್ರಿಂಗ್ ಥಿಯರಿಯ ಹನ್ನೊಂದು ಆಯಾಮದ ರೂಪ) ಹೋದರೆ ಎಲ್ಲ ಸೇರಿ ಒಂದೇ ಎಂ5. ಅದು ಸುತ್ತಿಕೊಂಡಿರುವುದು ಅದೇ ಸೈಬರ್ಗ್-ವಿಟನ್ ಕರ್ವ್ ಮೇಲೆ. ಇದರ ಮೇಲೆ ಕೊನೆಯಾಗುವ ಎಂ2 ಬ್ರೇನ್ ಮೊನೊಪೋಲ್‌ಗೆ ತಟ್ಟೆಯಂತೆ, ಡಬ್ಲ್ಯೂ ಬೋಸಾನ್‌ಗೆ (ವಿದ್ಯುದಾವೇಶ ಇರುವ ಗೇಜ್ ಕಣ) ಕೊಳವೆಯಂತೆ ಇರುತ್ತದೆ. ಒಂದಂಚಿದ್ದರೆ ಹೈಪರ್ ಮಲ್ಟಿಪ್ಲೆಟ್ (ಸ್ಪಿನ್ 0 ಮತ್ತು ½ ಕಣಗಳ ಗುಂಪು), ಎರಡಂಚಿದ್ದರೆ ವೆಕ್ಟರ್ (ಸ್ಪಿನ್ 1 ಕಣವೂ ಇರುವ ಗುಂಪು). ಸುಮ್ನೆ ಬಾಯಿಪಾಠ ಮಾಡಿ ಹೇಳಲು ಮನಸ್ಸಿಲ್ಲ. ಇದನ್ನು ನಿರ್ಧರಿಸುವ ಫರ್ಮಿಯಾನ್ ಜೀರೋ ಮೋಡ್ (ಶಕ್ತಿ ಬದಲಿಸದ ಫರ್ಮಿಯಾನ್ ಸ್ಥಿತಿ) ಎಣಿಸುವುದು ಹೇಗೆ?

ಗೊತ್ತಿರುವವರು ಸಂಜೆ ಕುಕ್ಕರಹಳ್ಳಿ ಕೆರೆ ಹತ್ತಿರ ಅರ್ಧ ಗಂಟೆ ಸಿಗುತ್ತೀರಾ? ಮಂಡ್ಯದವರಾದರೆ ನಾನೇ ಅಲ್ಲಿಗೆ ಬರುತ್ತೇನೆ. ನೋಟ್‌ಬುಕ್ ತರುತ್ತೇನೆ.