ಅಪ್‌ಡೇಟ್: ಎಸ್‌ಯುವಿ ಮನೆಗೆ ಬಂತು

ಡಿಸೆಂಬರ್‌ನಲ್ಲೇ ಎಸ್‌ಯುವಿ ತಗೊಳ್ಳಲಾ, ಜನವರಿವರೆಗೆ ಕಾಯಲಾ ಅಂತ ಕೇಳಿದ್ದೆ ಅಲ್ವಾ? ಡಿಸೆಂಬರ್‌ನಲ್ಲೇ ತಗೊಂಡೆ. ಹತ್ತು ವರ್ಷ ಓಡಿಸುವವನಿಗೆ ಆರ್‌ಸಿಯಲ್ಲಿ ಗಾಡಿ ತಯಾರಾದ ವರ್ಷ ಹಳೇದಿದ್ದರೇನಂತೆ! ಡಿಸ್ಕೌಂಟ್ ಜಾಸ್ತಿ ಸಿಕ್ಕಿತು.

ನೀವು ಹೇಳಿದಂತೆ ಆನ್‌ರೋಡ್ (ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದ) ಕೊಟೇಶನ್ ಸಾಲುಸಾಲಾಗಿ ಓದಿದೆ. ಕೆಳಗೆ ಸಣ್ಣಕ್ಷರದಲ್ಲಿ ‘ಹ್ಯಾಂಡ್ಲಿಂಗ್ ಚಾರ್ಜ್’ ಕೂತಿತ್ತು. ಇದು ಯಾತಕ್ಕೆ ಅಂದೆ. ಸೇಲ್ಸ್ ಹುಡುಗ ಪೆನ್ನಿನ ತುದಿ ಕಚ್ಚಿಕೊಂಡು ಒಳಗೆ ಹೋದ, ಬಂದ, ಸುಮ್ನೆ ಅದರ ಮೇಲೆ ಗೀಟು ಎಳೆದ. ಇನ್ಶೂರೆನ್ಸ್ ಹೊರಗೆ ಮಾಡಿಸಿದೆ. ಅದೇ ಕವರ್, ಹದಿನಾರು ಸಾವಿರ ಕಮ್ಮಿ. ಬೆಲೆ 10 ಲಕ್ಷ ದಾಟಿದ್ದಕ್ಕೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದರು. ಅದನ್ನು ಐಟಿ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಹಿಡಿಯಬಹುದು. ರೋಡ್ ಟ್ಯಾಕ್ಸ್‌ಗೆ ಮಾತ್ರ ಚೌಕಾಸಿ ಇಲ್ಲ.

ದುಡ್ಡು ಪೂರ್ತಿ ಕಟ್ಟುವ ಮೊದಲು ಡೀಲರ್ ಗಾಡಿ ನಿಲ್ಲಿಸುವ ಯಾರ್ಡ್‌ಗೆ ಹೋಗಿ ಚಾಸಿ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ನೋಡಿಬಂದೆ. ಫ್ಲೋರ್ ಮ್ಯಾಟ್ ಮಾತ್ರ ಫ್ರೀ ಕೊಡಲಿಲ್ಲ, ಜಿಪುಣರು!